ಏಳು ಕೋಟೆ, ಒಂದು ಬಚ್ಚಲ ಗೋಡೆ

ಘಟಸ್ಥಾಪನೆಯ ದಿನ ಬೆಳಿಗ್ಗೆ, ದೇವರ ಮುಂದಿನ ದೀಪವನ್ನೇ ಸಾಕ್ಷಿ ಇಟ್ಟುಕೊಂಡು, ಬೆಟಗೇರಿಯ ಹೊನ್ನೇಶ ಒಂದು ಘೋರ ಪ್ರತಿಜ್ಞೆ ಮಾಡಿದ. ಆಗ ಅವನ ಸೊಂಟದಲ್ಲಿ ಒದ್ದೆ ಟವೆಲು ಇತ್ತು. ಬಲ ಮೊಣಕೈಯಲ್ಲಿ ಹಸಿ ತರಚುಗಾಯವಿತ್ತು.

"ಈ ದಸರಾದೊಳಗ ಏಳು ಕ್ವಾಟಿ ಮುಗಿಸ್ತೇನಿ. ಮುಗಸ್ಲಿಲ್ಲ ಅಂದ್ರ ನನ್ನ ಹೆಸರು ಹೊನ್ನೇಶ ಅಲ್ಲ."

"ಹೋದ ಸಲಾನೂ ಹಿಂಗ ಅಂದಿದ್ರಿ," ಎಂದಳು ಹೆಂಡತಿ ರೇಷ್ಮಾ, ಗಾಯಕ್ಕೆ ಅರಿಶಿಣ ಹಚ್ಚುತ್ತ. "ಆವತ್ತಿಂದ ನಿಮ್ಮನ್ನ ಏನಂತ ಕರೀಬೇಕು ಅನ್ನೋದ ತಿಳಿವಲ್ದು."

ಏಳು ಕೋಟೆ ಎಂದರೆ ಯಾವುದೋ ತೀರ್ಥಯಾತ್ರೆ ಎಂದುಕೊಳ್ಳಬೇಡಿ. ಅದು ಕಂಪ್ಯೂಟರಿನಲ್ಲಿ ಆಡುವ ಒಂದು ಹಳೆಯ ಆಟ. ಅದರ ನಿಜವಾದ ಹೆಸರು ಇಂಗ್ಲಿಷಿನಲ್ಲಿ ಎರಡು ಮೊಳ ಉದ್ದವಿದೆ, ಅದನ್ನು ಸರಿಯಾಗಿ ಹೇಳಿದವರು ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಆಟದಲ್ಲಿ ನೀವೊಬ್ಬ ವೀರ. ಊರೂರು ಅಲೆಯಬೇಕು, ಊರವರ ಕಷ್ಟ ಕೇಳಬೇಕು, ಕತ್ತಿ ಗುರಾಣಿ ಸಂಪಾದಿಸಬೇಕು, ಒಂದೊಂದೇ ಕೋಟೆ ಗೆಲ್ಲಬೇಕು, ಕೊನೆಗೆ ಏಳನೇ ಕೋಟೆಯ ರಾಕ್ಷಸನನ್ನು ಎದುರಿಸಬೇಕು. ಆಡಿದ್ದು ಉಳಿಯಬೇಕೆಂದರೆ ವೀರನನ್ನು ಛತ್ರದಲ್ಲಿ ಒಂದು ರಾತ್ರಿ ಮಲಗಿಸಬೇಕು. ಮಲಗಿಸಿದ ಕೂಡಲೇ ಹಿಂದಿನದು ಅಳಿಸಿಹೋಗಿ ಹೊಸದು ಉಳಿಯುತ್ತದೆ. ಈ ಛತ್ರದ ವಿಷಯ ನೆನಪಿರಲಿ, ಮುಂದೆ ಅದೇ ಕುತ್ತಿಗೆಗೆ ಬರುತ್ತದೆ.

ಹೊನ್ನೇಶ ಈ ಆಟವನ್ನು ನಾಲ್ಕು ಸಲ ಹಿಡಿದು ನಾಲ್ಕು ಸಲ ಬಿಟ್ಟಿದ್ದ. ಮೊದಲ ಸಲ ಕಾಲೇಜಿನಲ್ಲಿದ್ದಾಗ. ಆಗ ಗದಗಿನಲ್ಲಿ ಕರೆಂಟು ಹೋಗುವ ಹೊತ್ತು ಎಲ್ಲರಿಗೂ ಗೊತ್ತಿತ್ತು, ವೀರನಿಗೆ ಮಾತ್ರ ಗೊತ್ತಿರಲಿಲ್ಲ. ಎರಡನೆಯ ಸಲ ಮದುವೆಯ ವಾರ. ಐದನೇ ಕೋಟೆಯ ಬಾಗಿಲಲ್ಲಿ ನಿಂತಿದ್ದಾಗ ಸಿಂಗಟಾಲೂರಿನಿಂದ ಬೀಗರು ಬಂದರು. ಮೂರನೆಯದು ಲಾಕ್‌ಡೌನಿನಲ್ಲಿ. ಬೇಕಾದಷ್ಟು ಸಮಯವಿತ್ತು, ಆದರೆ ಆಟದೊಳಗಿನ ಒಂದು ಹಳ್ಳಿಯಲ್ಲಿ ಹೊಳೆಯಿತ್ತು, ಹೊಳೆಯಲ್ಲಿ ಮೀನಿದ್ದವು. ರಾಕ್ಷಸ ಅತ್ತ ಲೋಕವನ್ನೇ ನುಂಗುತ್ತಿರುವಾಗ ನಮ್ಮ ವೀರ ಎರಡು ತಿಂಗಳು ಕೂತು ಮೀನು ಹಿಡಿದ. ನಾಲ್ಕನೆಯ ಸಲ ಮಾತ್ರ ಖರೆ ಖರೆ ರಾಕ್ಷಸನ ಮುಂದೆ ಹೋಗಿ ನಿಂತ, ಹನ್ನೊಂದು ಸಲ ಸತ್ತ. ಅದು ಎರಡು ವರ್ಷದ ಹಿಂದಿನ ಮಾತು.

ಆ ಹನ್ನೊಂದನೇ ಸಾವಿನ ದಿನವೇ ಬಚ್ಚಲಿನ ಕತೆ ಶುರುವಾದದ್ದು.

ಸೋಮೇಶ ಎಂದರೆ ಹೊನ್ನೇಶನ ಬಾಲ್ಯದ ಗೆಳೆಯ, ಕಸುಬಿನಲ್ಲಿ ಗೌಂಡಿ. ಅವನು ಕಟ್ಟಿದ ಗೋಡೆಗೆ ಬೆನ್ನು ಹಚ್ಚಿ ಕೂತರೆ ಮನುಷ್ಯನೂ ನೆಟ್ಟಗಾಗುತ್ತಾನೆ ಎಂದು ಓಣಿಯಲ್ಲಿ ಹೆಸರು. ಏಳು ಕೋಟೆಯ ಸೀಡಿಯನ್ನು ಗದಗಿನ ಬಸ್ ಸ್ಟ್ಯಾಂಡಿನ ಹತ್ತಿರ ಇಬ್ಬರೂ ಸೇರಿಯೇ ತಂದಿದ್ದರು. ಎರಡು ವರ್ಷದ ಹಿಂದೆ ಸೋಮೇಶ ಹೊನ್ನೇಶನ ಮನೆಯ ಹೊಸ ಬಚ್ಚಲಿಗೆ ಗಿಲಾವು ಮಾಡುತ್ತಿದ್ದ. ಎರಡು ಗೋಡೆಗೆ ಸಿಮೆಂಟು ಸವರಿ ನುಣ್ಣಗೆ ಮಾಡಿದ್ದ, ಇನ್ನೆರಡು ಬರಿ ಇಟ್ಟಿಗೆಯಾಗಿಯೇ ಇದ್ದವು. ಚಹಾ ಕುಡಿಯುವಾಗ ಹೊನ್ನೇಶ ತನ್ನ ಹನ್ನೊಂದು ಸಾವಿನ ದುಃಖ ತೋಡಿಕೊಂಡ.

"ಅದಕ್ಯಾಕ ಇಷ್ಟು ಅಳ್ತೀಲೇ?" ಎಂದ ಸೋಮೇಶ. "ನಾ ಅದನ್ನ ಎಂದೋ ಮುಗಿಸೇನಿ. ರಾಕ್ಷಸಗ ಒಂದ ಏಟು. ನಿನ್ನ ಕೈಲೆ ಜನ್ಮದಾಗ ಆಗಂಗಿಲ್ಲ ಬಿಡು, ನೀ ಯಾವ ಕೆಲಸ ಮುಗಿಸಿದಾಂವ?"

"ಮೊದಲು ನೀ ಈ ಗ್ವಾಡಿ ಮುಗಸು. ಬೆಳಿಗ್ಗಿಂದ ಚಹಾನ ಮುಗಿಸಾಕತ್ತಿ."

ಸೋಮೇಶ ಕಪ್ಪು ಕೆಳಗಿಟ್ಟ, ಸಿಮೆಂಟು ಸವರುವ ಕರಣಿಯನ್ನೂ ಕೆಳಗಿಟ್ಟ. ಎದ್ದು ನಿಂತು ದೊಡ್ಡ ದನಿಯಲ್ಲಿ, "ನಿನ್ನ ಆಟ ಮುಗಿದ ದಿನ ನಿನ್ನ ಗ್ವಾಡಿ ಮುಗಿಸ್ತೇನಿ," ಎಂದು ಹೇಳಿ ಹೋದ. ಹೋದವನು ಎರಡು ವರ್ಷ ತಿರುಗಿ ನೋಡಲಿಲ್ಲ. ಕರಣಿ ಬಚ್ಚಲಿನ ಕಿಟಕಿಯಲ್ಲೇ ಉಳಿಯಿತು.

ಬೇರೆ ಗೌಂಡಿಯನ್ನು ಕರೆಯಬಹುದಿತ್ತಲ್ಲ ಎನ್ನುತ್ತೀರಿ. ರೇಷ್ಮಾ ಮೂವರನ್ನು ಕರೆಸಿದಳು. ಮೂವರೂ ಗೋಡೆ ತಟ್ಟಿ ನೋಡಿದರು, "ಯಾರ ಕೈ ಇದು?" ಎಂದು ಕೇಳಿದರು, ಸೋಮೇಶನದು ಎಂದ ಕೂಡಲೇ ಕೈ ಹಿಂದೆ ತೆಗೆದರು. ಒಬ್ಬ ಗೌಂಡಿ ಅರ್ಧ ಮಾಡಿದ ಕೆಲಸಕ್ಕೆ, ಅವನು ಹ್ಞೂಂ ಅನ್ನುವ ತನಕ ಇನ್ನೊಬ್ಬ ಕೈ ಹಚ್ಚುವುದಿಲ್ಲ. ಇದು ಅವರ ಕಸುಬಿನ ಮರ್ಯಾದೆ. ಮರ್ಯಾದೆ ಗೌಂಡಿಗಳದು, ತರಚುಗಾಯ ಈ ಮನೆಯವರದು. ಒರಟು ಇಟ್ಟಿಗೆಗೆ ಮೊಣಕೈ ತಾಗದಂತೆ ಸ್ನಾನ ಮಾಡುವ ವಿದ್ಯೆ ಎರಡು ವರ್ಷವಾದರೂ ಯಾರಿಗೂ ಹತ್ತಲಿಲ್ಲ. ಹೊನ್ನೇಶನ ತಾಯಿ ರಾಮವ್ವನಂತೂ ಬಚ್ಚಲಿಗೆ ಹೋಗುವಾಗ, "ಯುದ್ಧಕ್ಕ ಹೊಂಟೇನಿ," ಎಂದು ಹೇಳಿಯೇ ಹೋಗುತ್ತಿದ್ದಳು.

ಹೀಗಾಗಿ ಲೋಕದ ಎಲ್ಲ ಹೆಂಡಂದಿರು ಗಂಡನನ್ನು ಆಟದಿಂದ ಎಬ್ಬಿಸಿದರೆ, ರೇಷ್ಮಾ ತನ್ನ ಗಂಡನನ್ನು ಹಿಡಿದು ಆಟಕ್ಕೆ ಕೂರಿಸಿದಳು.

ಕೂರಿಸುವ ವಿದ್ಯೆಯನ್ನು ಅವಳು ಅಂಗಡಿಯಲ್ಲೇ ಕಲಿತಿದ್ದಳು. ಹೊನ್ನೇಶನದು ಸುಟ್ಟ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತುವ ಕೆಲಸ, ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಜೀವನದಲ್ಲಿ ಅವನು ಪೂರ್ತಿ ಮುಗಿಸುತ್ತಿದ್ದ ಕೆಲಸ ಅದೊಂದೇ. ಯಾಕೆಂದರೆ ಮುಂಡರಗಿ, ಶಿರಹಟ್ಟಿ ಕಡೆಯ ರೈತರು ಮೋಟರು ಕೊಟ್ಟು ಹೋಗುವುದಿಲ್ಲ. ಬುತ್ತಿ ಬಿಚ್ಚಿಕೊಂಡು ಪಕ್ಕದಲ್ಲೇ ಕೂರುತ್ತಾರೆ, ಮೋಟರು ತಿರುಗುವ ತನಕ ಏಳುವುದಿಲ್ಲ. ರೇಷ್ಮಾ ಅದೇ ಉಪಾಯ ಮಾಡಿದಳು. ದಿನಾ ಮಧ್ಯಾಹ್ನ ಊಟವಾದ ಮೇಲೆ ಜೋಳ ಹಸನು ಮಾಡುವ ಮೊರ ಹಿಡಿದು ಕಂಪ್ಯೂಟರಿನ ಪಕ್ಕ ಕೂತುಬಿಟ್ಟಳು.

"ಇನ್ನೂ ಎರಡನೇ ಕ್ವಾಟಿ ಏನ್ರಿ?"

"ಸ್ವಲ್ಪ ಚಹಾ ಕುಡಿದು..."

"ಕ್ವಾಟಿ ದಾಟ್ರಿ, ಆಮ್ಯಾಲೆ ಚಹಾ."

ಹಳೆಯ ಆಟ ಏಳನೇ ಕೋಟೆಯಲ್ಲಿ ನಿಂತಿತ್ತು ನಿಜ. ಆದರೆ ತಾನು ಎಲ್ಲಿದ್ದೇನೆ, ಯಾಕೆ ಇದ್ದೇನೆ, ಚೀಲದಲ್ಲಿರುವ ಮೂರು ಕೀಲಿ ಯಾವ ಬಾಗಿಲಿನವು ಎಂಬುದೊಂದೂ ಹೊನ್ನೇಶನಿಗೆ ನೆನಪಿರಲಿಲ್ಲ. ಮೊದಲಿನಿಂದಲೇ ಶುರು ಮಾಡಬೇಕಾಯಿತು. ಮೀನಿನ ಹಳ್ಳಿ ಬಂದಾಗ ಅವನ ಕೈ ತಾನಾಗಿಯೇ ಗಾಳದ ಕಡೆಗೆ ಹೋಯಿತು. ರೇಷ್ಮಾ ಮೊರದ ಅಂಚಿನಿಂದ ಆ ಕೈಗೆ ಒಂದು ಕೊಟ್ಟಳು.

"ಸಿಂಗಟಾಲೂರಿನಾಗ ನಮ್ಮ ಅಪ್ಪಾರ ಹೊಲದ ಬುಡಕ ಖರೇ ಹೊಳಿ ಐತಿ, ಖರೇ ಮೀನ ಅದಾವ. ಹತ್ತು ವರ್ಷದಾಗ ಒಮ್ಮೆ ಬಂದೀರೇನು ಹಿಡಿಯಾಕ? ನಡೀರಿ ಮುಂದ."

ಮೂರನೇ ದಿನದಿಂದ ರಾಮವ್ವನೂ ಬಂದು ಕೂತಳು. ಅವಳಿಗೆ ಆ ವೀರನ ಮೇಲೆ ಬಲು ಮಮತೆ ಹುಟ್ಟಿತು.

"ಬೆಳಿಗ್ಗಿಂದ ನಡ್ಯಾಕತ್ಯಾನ, ಊಟ ಯಾವಾಗ ಮಾಡ್ತಾನೋ ಅಂವ?"

"ಯವ್ವಾ, ಅಂವಗ ಹಸಿವು ಇರಂಗಿಲ್ಲ."

"ನಿನಗ ಯಾರು ಹೇಳಿದ್ರು? ಕೇಳಿದೀ ಏನು ಅವನ್ನ?"

ಅಂತೂ ಒಂಬತ್ತನೇ ದಿನದ ಹೊತ್ತಿಗೆ ಆರು ಕೋಟೆ ಮುಗಿದವು. ಬೆಟಗೇರಿಯ ಇತಿಹಾಸದಲ್ಲಿ ಇಂಥ ದಿಗ್ವಿಜಯ ಹಿಂದೆ ಆಗಿರಲಿಲ್ಲ. ವೀರನ ಕೈಯಲ್ಲಿ ಮಿಂಚುಗತ್ತಿ ಬಂತು, ಬೆನ್ನಿಗೆ ಕಬ್ಬಿಣದ ಗುರಾಣಿ, ಮೈಮೇಲೆ ಬೆಂಕಿಗೂ ಸುಡದ ಕವಚ. ಏಳನೇ ಕೋಟೆಯ ಎದುರಿನ ಛತ್ರದಲ್ಲಿ ಅವನು ನಿಂತಿದ್ದ. ರಸ್ತೆ ದಾಟಿದರೆ ರಾಕ್ಷಸ. ಅಷ್ಟು ನಂಬಿಕೆ ಬಂದಿದ್ದರಿಂದ ರೇಷ್ಮಾ ಅವತ್ತು ಬೆಳಿಗ್ಗೆಯೇ ಒಂದು ಟ್ರ್ಯಾಕ್ಟರು ಉಸುಕು ಹಾಕಿಸಿದ್ದಳು, ಸಿಮೆಂಟಿನ ಚೀಲಗಳೂ ಬಂದಿದ್ದವು.

ಆದರೆ ಅವತ್ತು ಮಹಾನವಮಿ, ಖಂಡೇಪೂಜೆ.

ಅಂಗಡಿಯ ಪಾನಾ, ಪಕ್ಕಡ, ಸುತ್ತಿಗೆ, ತಂತಿ ಸುತ್ತುವ ಯಂತ್ರ, ಮನೆಯ ಈಳಿಗೆ, ಕುಡುಗೋಲು ಎಲ್ಲವನ್ನೂ ರಾಮವ್ವ ತೊಳೆದು ಸಾಲಾಗಿ ಇಟ್ಟಿದ್ದಳು. ಸೋಮೇಶನ ಕರಣಿಯನ್ನೂ ಬಿಟ್ಟಿರಲಿಲ್ಲ. "ಯಾರದಾರ ಇರ್ಲಿ, ನಮ್ಮ ಮನ್ಯಾಗ ಇದ್ದ ಆಯುಧ," ಎಂದು ಅದಕ್ಕೂ ಕುಂಕುಮ ಹಚ್ಚಿದಳು. ಆಮೇಲೆ ಕುಂಕುಮದ ಬಟ್ಟಲು ಹಿಡಿದುಕೊಂಡು ಕಂಪ್ಯೂಟರಿನ ಮುಂದೆ ಬಂದು ನಿಂತಳು.

"ಹೊನ್ನ್ಯಾ, ಆ ಹುಡುಗನ ಕತ್ತಿ ಕೆಳಗ ಇಡಸು."

"ಯಾವ ಹುಡುಗ?"

"ಒಳಗ ನಿಂತಾನಲ್ಲ, ಅಂವ. ಖಂಡೇಪೂಜಿ ದಿನ ಆಯುಧ ಕೈಯಾಗ ಹಿಡ್ಕೊಂಡು ನಿಂತ್ರ ಹೆಂಗ? ಇವತ್ತು ಪೂಜಿ, ನಾಳೆ ತಗೊಂಡು ಯುದ್ಧ."

"ಯವ್ವಾ, ಅದು ಆಟ."

"ಒಂಬತ್ತು ದಿನದಿಂದ ನೀ ಮಾಡೂದು ನೋಡಿದ್ರ ಆಟ ಅಂತ ಅನ್ನಿಸಂಗಿಲ್ಲಪಾ. ಅಷ್ಟು ಖರೇನ ಮಾಡಾಂವ, ಇದನ್ನೂ ಖರೇನ ಮಾಡು."

ಹೊನ್ನೇಶನ ಮನಸ್ಸಿನ ಮೂಲೆಯಲ್ಲೂ ಸಣ್ಣ ಭಯವಿತ್ತು. ಹನ್ನೊಂದು ಸಲ ಸತ್ತವನು ಯಾವ ದೇವರನ್ನೂ ಎದುರು ಹಾಕಿಕೊಳ್ಳಬಾರದು. ಅವನು ಛತ್ರದ ಕೋಣೆಯ ನೆಲದ ಮೇಲೆ ಮಿಂಚುಗತ್ತಿ ಇಡಿಸಿದ, ಪಕ್ಕದಲ್ಲಿ ಗುರಾಣಿ, ಅದರ ಪಕ್ಕ ಕವಚ, ಎರಡು ಚೂರಿ, ಒಂದು ಬಿಲ್ಲು. ಸಾಲು ಸರಿಯಿಲ್ಲವೆಂದು ರಾಮವ್ವ ಎರಡು ಸಲ ಬದಲಿಸಿದಳು. ಆಮೇಲೆ ಗಾಜಿನ ಮೇಲೆಯೇ ಒಂದೊಂದಕ್ಕೂ ಕುಂಕುಮ ಹಚ್ಚಿ, ಮಾನಿಟರಿನ ನೆತ್ತಿಗೆ ಚೆಂಡುಹೂವು ಇಟ್ಟು ಊದಿನಕಡ್ಡಿ ಬೆಳಗಿದಳು. ಹೊನ್ನೇಶ ಕೈ ಮುಗಿದ. ವೀರನನ್ನು ಛತ್ರದಲ್ಲಿ ಮಲಗಿಸಿ ಕಂಪ್ಯೂಟರು ಬಂದ್ ಮಾಡಿದ.

ಮರುದಿನ ದಸರಾ. ಹೋಳಿಗೆ ಊಟ ಮಾಡಿ ಸಂಜೆ ನಾಲ್ಕಕ್ಕೆ ಮೂವರೂ ಬಂದು ಕೂತರು. ಹೊನ್ನೇಶ ಗಾಜಿನ ಕುಂಕುಮವನ್ನು ಮೆಲ್ಲಗೆ ಒರೆಸಿ ಆಟ ತೆಗೆದ. ವೀರ ಎದ್ದು ನಿಂತ. ಕೋಣೆ ಥಳಥಳ ಹೊಳೆಯುತ್ತಿತ್ತು. ನೆಲದ ಮೇಲೆ ಏನೂ ಇರಲಿಲ್ಲ.

ಛತ್ರದ ಮುದುಕ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಿದ. ಪಿಯುಸಿ ಮಾಡಿದ್ದ ರೇಷ್ಮಾ ಓದಿ ಹೇಳಿದಳು.

"ನೆಲದ ಮ್ಯಾಲೆ ಬಿಟ್ಟದ್ದನ್ನೆಲ್ಲಾ ಬೆಳಿಗ್ಗೆ ಕಸ ಹೊಡದು ಹೊರಗ ಚೆಲ್ಲೇನಿ ಅಂತಾನ."

ಹೊನ್ನೇಶ ವೀರನನ್ನು ಹೊರಗೆ ಓಡಿಸಿದ. ಛತ್ರದ ಹಿಂದೆ ಹುಡುಕಿದ, ತಿಪ್ಪೆಯಲ್ಲಿ ಹುಡುಕಿದ, ಬಾವಿಯಲ್ಲಿ ಇಣುಕಿದ. ಹಿಂದಿನದಕ್ಕೆ ಹೋಗೋಣವೆಂದರೆ ಹಿಂದಿನದು ಅಳಿಸಿಹೋಗಿತ್ತು. ಒಂಬತ್ತು ದಿನದ ದಿಗ್ವಿಜಯ ಒಂದು ಕಸಬರಿಗೆಗೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ತಾಟನ್ನೇ ಎತ್ತಿಕೊಂಡು ಹೋಗಿದ್ದರು.

"ಯವ್ವಾ," ಎಂದ, ಅಷ್ಟೇ. ಬೈಯಲು ಹಬ್ಬದ ದಿನ ಅಡ್ಡ ಬಂತು.

ರಾಮವ್ವನಿಗೂ ಕೆಡುಕೆನಿಸಿತು. ಆದರೆ ಒಪ್ಪಿಕೊಳ್ಳುವ ಪೈಕಿ ಅಲ್ಲ ಅವಳು. "ಪೂಜಿ ಮಾಡಿದ ಆಯುಧ ಚೆಲ್ಲತಾನಂದ್ರ ಆ ಮುದುಕನ ಮನ್ಯಾಗ ಹಿರ್ಯಾರು ಯಾರೂ ಇಲ್ಲೇನು?" ಎಂದು ಸಿಟ್ಟನ್ನು ಅತ್ತ ತಿರುಗಿಸಿದಳು.

ಹೊನ್ನೇಶ ಎದ್ದು ನಿಂತ. "ಆತು, ನನ್ನ ಹಣ್ಯಾಗ ಇದು ಬರದಿಲ್ಲ. ಸೋಮ್ಯಾ ಹೇಳಿದ್ದ ಖರೆ. ನಾ ಯಾವುದನ್ನೂ ಮುಗಿಸಾಂವ ಅಲ್ಲ." ಹಾಗೆ ಅನ್ನುವಾಗ ಅವನ ದನಿ ಒಡೆಯಿತು. ನಲವತ್ತರ ಹತ್ತಿರ ಬಂದ ಗಂಡಸು ಒಂದು ಆಟದ ಸಲುವಾಗಿ ಅಳಬಾರದು, ಅದು ಅವನಿಗೂ ಗೊತ್ತಿತ್ತು. ಆದರೆ ಅದು ಆಟವೊಂದೇ ಆಗಿರಲಿಲ್ಲ. ಎರಡು ವರ್ಷದಿಂದ ಸೋಮೇಶ ದೂರದಲ್ಲಿ ಕಂಡರೆ ಇವನು ಓಣಿ ಬದಲಿಸುತ್ತಿದ್ದ, ಚಹಾದ ಅಂಗಡಿಯಲ್ಲಿ ಒಬ್ಬನೇ ಕೂತು ಕುಡಿಯುತ್ತಿದ್ದ. ಈ ರಾಕ್ಷಸ ಸತ್ತರೆ ಮಾತ್ರ ಆ ಮನೆಯ ಕಡೆ ಹೋಗಲು ದಾರಿ ಇತ್ತು.

ರೇಷ್ಮಾ ಅವನ ಅಂಗಿ ಹಿಡಿದು ಎಳೆದು ಕೂರಿಸಿದಳು. "ಹನ್ನೊಂದು ಸಲ ಸತ್ತೀರಿ, ಹನ್ನೆರಡಕ್ಕ ಏನಾಗತೈತಿ? ಹೋಗ್ರಿ ಬರಿಗೈಲೇ. ಸಾಯೂದಾದ್ರ ಅವನ ಮುಂದ ಹೋಗಿ ಸಾಯ್ರಿ. ಛತ್ರದಾಗ ಬ್ಯಾಡ."

ಹೆಂಡತಿಯ ಇಂಥ ಆಶೀರ್ವಾದ ಪಡೆದು ವೀರ ಏಳನೇ ಕೋಟೆಯನ್ನು ಹೊಕ್ಕ. ಕತ್ತಿಯಿಲ್ಲ, ಗುರಾಣಿಯಿಲ್ಲ, ಮೈಮೇಲೆ ಒಂದು ಗಂಜಿಫ್ರಾಕು. ಕಾವಲಿನವರು ಬೆನ್ನು ಹತ್ತಿದರು, ಇವನು ಓಡಿದ. ಹೋರಾಡಲು ಏನೂ ಇಲ್ಲದವನ ಓಟ ಎಷ್ಟು ಚುರುಕಾಗಿರುತ್ತದೆ ಎಂಬುದು ಹೊನ್ನೇಶನಿಗೆ ಅವತ್ತೇ ತಿಳಿದದ್ದು. ಓಡೋಡಿ ಸಿಂಹಾಸನದ ಮುಂದೆ ಬಂದು ನಿಂತ. ರಾಕ್ಷಸ ಎದ್ದ. ಮನೆಯ ಚಾವಣಿಯಷ್ಟು ಎತ್ತರ, ಕಣ್ಣು ಕೆಂಡ. ಎಂದಿನಂತೆ ಒಂದೇ ಒಂದು ಪ್ರಶ್ನೆ ಕೇಳಿದ.

"ಏನಂತಾನ?" ಎಂದಳು ರಾಮವ್ವ.

"ನನಗ ಏನು ತಂದೀ ಅಂತ ಕೇಳ್ತಾನ್ರೀ ಅತ್ತಿ," ಎಂದಳು ರೇಷ್ಮಾ.

ಈ ಪ್ರಶ್ನೆಗೆ ಹೊನ್ನೇಶ ಹನ್ನೊಂದು ಸಲವೂ ಕತ್ತಿ ತೋರಿಸಿದ್ದ. ಈಗ ಚೀಲ ತೆಗೆದು ನೋಡಿದರೆ ಇದ್ದದ್ದು ಮೂರೇ: ಅರ್ಧ ರೊಟ್ಟಿ, ಒಂದು ಒಣ ಮೀನು, ಗಾಯಕ್ಕೆ ಹಚ್ಚುವ ಒಂದು ಹಿಡಿ ಹಸಿರೆಲೆ.

"ಎಲಿ ಐತಲ್ಲ, ಕೊಡು," ಎಂದಳು ರಾಮವ್ವ.

"ಯವ್ವಾ, ಅಂವ ರಾಕ್ಷಸ."

"ರಾಕ್ಷಸ ಇದ್ರೇನಾತು? ಇವತ್ತು ದಸರಾ. ಬನ್ನಿ ಕೊಡೂ ದಿನ ವೈರಿ, ಗೆಳ್ಯಾ ಅಂತ ನೋಡ್ತಾರೇನು? ಬಾಯಿ ಬಿಟ್ಟು ಕೇಳಾಕತ್ಯಾನ ಪಾಪ, ಕೊಡು."

ಹೇಗೂ ಸಾಯುವುದಿತ್ತು. ಹೊನ್ನೇಶ ಎಲೆಯ ಮೇಲೆ ಒತ್ತಿದ.

ರಾಕ್ಷಸ ಏಟು ಹಾಕಲಿಲ್ಲ. ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, ತನ್ನ ಎದೆಯ ಹಳೆಯ ಗಾಯಕ್ಕೆ ಒತ್ತಿಕೊಂಡ. ಆಮೇಲೆ ಅವನು ಹೇಳಿದ್ದನ್ನು ರೇಷ್ಮಾ ನಿಧಾನಕ್ಕೆ ಓದಿದಳು. "ನೂರು ವರ್ಷ ಆತು. ಬಂದವರೆಲ್ಲಾ ಕತ್ತೀನ ತಂದ್ರು. ನೀ ಒಬ್ಬಾಂವ ನನ್ನ ಗಾಯ ನೋಡಿದಿ." ರಾಕ್ಷಸ ಕಿರೀಟ ತೆಗೆದು ಕೆಳಗಿಟ್ಟು, ಬಾಗಿಲು ತೆರೆದು ಎಲ್ಲಿಗೋ ಹೊರಟುಹೋದ. ಸಂಗೀತ ಬಂತು. ಆಟ ಕಟ್ಟಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ಆಟ ಮುಗಿಯಿತು.

ಇಪ್ಪತ್ತು ವರ್ಷ, ಐದು ಪ್ರಯತ್ನ, ಹನ್ನೊಂದು ಸಾವು. ಹೊನ್ನೇಶ ಕಣ್ಣೊರೆಸಿಕೊಂಡ. ಅದು ಸಂತೋಷಕ್ಕೋ ಹೊಟ್ಟೆಯ ಉರಿಗೋ ಅವನಿಗೇ ತಿಳಿಯಲಿಲ್ಲ.

"ಇಷ್ಟ ಏನು?" ಎಂದಳು ರಾಮವ್ವ. "ಇದನ್ನ ಮೊದಲ ನನಗ ಕೇಳಿದ್ರ ನಿನ್ನ ಮದುವಿಕಿಂತ ಮೊದಲ ಮುಗೀತಿತ್ತಲ್ಲೋ."

ರೇಷ್ಮಾ ಆಗಲೇ ಬನ್ನಿಯ ಎಲೆ ಒಂದು ಹಿಡಿ ತಂದು ಗಂಡನ ಕೈಗೆ ಕೊಟ್ಟಿದ್ದಳು. ಇನ್ನೊಂದು ಕೈಗೆ ಕುಂಕುಮ ಹಚ್ಚಿದ ಕರಣಿ ಕೊಟ್ಟಳು. "ಅಷ್ಟು ದೊಡ್ಡ ರಾಕ್ಷಸಗ ಕೊಟ್ಟ ಕೈಲೇ ಸೋಮೇಶಣ್ಣಾರಿಗೂ ಕೊಟ್ಟು ಬರ್ರಿ."

ದಾರಿಯುದ್ದಕ್ಕೂ ಹೊನ್ನೇಶ ಮಾತು ಕೂಡಿಸಿಕೊಂಡು ಹೋದ. ಮೊದಲು ಗೆದ್ದೆ ಎನ್ನಬೇಕು, ಆಮೇಲೆ ಮೀಸೆ ತಿರುವಬೇಕು, ಬನ್ನಿ ಕೊನೆಗೆ. ಬಾಗಿಲು ತೆರೆದ ಸೋಮೇಶನ ಮುಖ ನೋಡಿದ ಕೂಡಲೇ ಎಲ್ಲ ಹಿಂದುಮುಂದಾಯಿತು. ಮೊದಲು ಬನ್ನಿಯೇ ಕೈ ಬದಲಾಯಿತು.

"ಬನ್ನಿ ತಗೊಂಡು ಬಂಗಾರದಂಗ ಇರೋಣು."

"ಇರೋಣು," ಎಂದ ಸೋಮೇಶ. ಇನ್ನೊಂದು ಕೈಯಿಂದ ಕರಣಿ ತೆಗೆದುಕೊಂಡ. ಅದನ್ನು ತಿರುಗಿಸಿ ನೋಡಿ, "ತುಕ್ಕು ಹಿಡಿಸಿಲ್ಲಲೇ," ಎಂದ.

"ಆಟ ಮುಗಿಸಿದೆ."

"ಖರೇನ? ಹೆಂಗ ಕೊಂದಿ?"

ಒಂದೇ ಏಟಿಗೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬನ್ನಿ ಕೊಟ್ಟ ಕೈ ಇನ್ನೂ ಗೆಳೆಯನ ಕೈಯಲ್ಲಿತ್ತು. "ಕೊಲ್ಲಲಿಲ್ಲ. ಬನ್ನಿ ಕೊಟ್ಟೆ, ಎದ್ದು ಹೋದ," ಎಂದು ಹೊನ್ನೇಶ ನಡೆದದ್ದೆಲ್ಲ ಹೇಳಿದ.

ಸೋಮೇಶ ಬಾಯಿ ತೆರೆದುಕೊಂಡು ಎಲ್ಲ ಕೇಳಿಸಿಕೊಂಡ. ಆಮೇಲೆ ಒಳಗೆ ಹೆಂಡತಿಗೆ ಕೇಳಿಸದಂತೆ ದನಿ ಇಳಿಸಿದ. "ನಾ ಆ ರಾಕ್ಷಸನ ಮಾರಿನೂ ನೋಡಿಲ್ಲೋ ಹೊನ್ನ್ಯಾ. ನಾಕನೇ ಕ್ವಾಟಿನ ದಾಟಿಲ್ಲ. ಮಾತಿಗೆ ಅಂದೆ, ನೀ ಮನಸಿಗೆ ಹಚ್ಕೊಂಡಿ, ಆಮ್ಯಾಲೆ ಹೆಂಗ ಬರ್ಲಿ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡು ವರ್ಷದ ಚಹಾವನ್ನು ಒಂದೇ ಸಂಜೆ ಕುಡಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಸೋಮೇಶ ಕರಣಿ ಹಿಡಿದು ಬಂದ. ರೇಷ್ಮಾ ಅವನಿಗೆ ಒಗ್ಗರಣೆ ಹಾಕಿದ ಮಂಡಕ್ಕಿ, ಮೆಣಸಿನಕಾಯಿ ಭಜಿ ಕೊಟ್ಟಳು. ಹೊನ್ನೇಶ ಉತ್ಸಾಹದಲ್ಲಿ ಉಸುಕು ಸಾಣಿಸಿ, ಅವನು ಹೇಳಿದ ಲೆಕ್ಕದಲ್ಲೇ ಸಿಮೆಂಟು ಕಲಸಿಟ್ಟ. ಭಜಿ ಮುಗಿಸಿದ ಸೋಮೇಶ ಕೈ ತೊಳೆದು ಬಚ್ಚಲಿನ ಕಡೆ ಹೊರಟವನು, ಪಡಸಾಲೆಯಲ್ಲಿ ಕಂಪ್ಯೂಟರು ಕಂಡು ನಿಂತುಬಿಟ್ಟ.

"ಹೊನ್ನ್ಯಾ, ಒಂದು ಮಾತು. ನಾ ಮುಗಿಸೇನಿ ಅಂತ ಸುಳ್ಳು ಹೇಳಿ ಇಲ್ಲಿಂದ ಎದ್ದು ಹೋದಾಂವ. ಸುಳ್ಳು ಹೇಳಿದ ಕೈಲೇ ಗ್ವಾಡಿ ಮುಟ್ಟಿದ್ರ ಗಿಲಾವು ನಿಂದ್ರಂಗಿಲ್ಲ. ಮೊದಲು ಅದನ್ನ ಖರೆ ಮಾಡತೇನಿ."

"ಅಂದ್ರ?"

"ಮೂರು ಕ್ವಾಟಿ ದಾರಿ ನನಗ ಗೊತ್ತೈತಿ, ನಾಕನೇದರಿಂದ ಅಷ್ಟ ಹೊಸಾದು. ಈಗ ಎದ್ದುಬಿಡ್ತೇನಿ." ಎನ್ನುತ್ತ ಕುರ್ಚಿ ಎಳೆದು ಕೂತ. ರಾಮವ್ವನೂ ಅವನ ಪಕ್ಕಕ್ಕೆ ಚಾಪೆ ಎಳೆದುಕೊಂಡು, "ಆ ಹೊಳ್ಯಾಗ ಮೀನ ಹಿಡಿ ತಮ್ಮಾ, ನನ್ನ ಮಗಗ ಹಿಡಿಯಾಕ ಬಿಡಲಿಲ್ಲ ಇಕಿ," ಎಂದು ಹುರಿದುಂಬಿಸಿದಳು.

ಹತ್ತಾಯಿತು, ಹನ್ನೊಂದಾಯಿತು. ಪುಟ್ಟಿಯಲ್ಲಿ ಕಲಸಿಟ್ಟ ಸಿಮೆಂಟು ಗಟ್ಟಿಯಾಗುತ್ತ ಬಂತು. ಒಳಗಿನಿಂದ ಸೋಮೇಶ ಕೂಗಿದ, "ಹೊನ್ನ್ಯಾ, ಈ ಹೊಳ್ಯಾಗ ಬಾಳೆ ಮೀನ ಎಲ್ಲಿ ಸಿಗ್ತಾವಲೇ?"

ಹೇಳಲು ಹೊನ್ನೇಶ ಒಂದು ಕಾಲು ಎತ್ತಿದ. ರೇಷ್ಮಾ ಅಡ್ಡ ನಿಂತಿದ್ದಳು, ಕೈಯಲ್ಲಿ ಕರಣಿ. ಕುಂಕುಮ ಇನ್ನೂ ಅದರ ಮೇಲಿತ್ತು.

"ಸೋಮೇಶಣ್ಣಾರು ಹ್ಞೂಂ ಅಂದಾರ, ಇನ್ನ ಈ ಗ್ವಾಡಿಗೆ ಯಾರಾದ್ರೂ ಕೈ ಹಚ್ಚಬಹುದಂತ," ಎಂದು ಕರಣಿಯನ್ನು ಗಂಡನ ಕೈಗಿಟ್ಟಳು. "ಹಚ್ಚರಿ."

ಮೋಟರಿಗೆ ತಂತಿ ಸುತ್ತುವ ಕೈ ಮೊದಲ ಬಾರಿ ಸಿಮೆಂಟು ಎತ್ತಿ ಗೋಡೆಗೆ ಹೊಡೆಯಿತು. ಗೋಡೆ ಒಂದು ಕ್ಷಣ ಯೋಚನೆ ಮಾಡಿ ಅದನ್ನು ಅವನ ಪಾದದ ಮೇಲೆ ವಾಪಸು ಹಾಕಿತು. ಇನ್ನೊಂದು ಹೊಡೆದ, ಅದೂ ಬಂತು. ಹೊನ್ನೇಶ ದೀನನಾಗಿ ಹೆಂಡತಿಯ ಕಡೆ ತಿರುಗಿದ.

ರೇಷ್ಮಾ ಜೋಳದ ಮೊರ ತಂದು ಬಚ್ಚಲಿನ ಹೊಸ್ತಿಲಲ್ಲೇ ಕೂತಿದ್ದಳು. ಮುಂಡರಗಿಯ ರೈತರಂತೆ, ಕೆಲಸ ಮುಗಿಯುವ ತನಕ ಏಳುವ ಲಕ್ಷಣ ಇರಲಿಲ್ಲ.

"ನನ್ನ ಮಾರಿ ಏನು ನೋಡ್ತೀರಿ?" ಎಂದಳು. "ಇದು ರಾಕ್ಷಸ ಅಲ್ಲರಿ, ಗ್ವಾಡಿ. ಬನ್ನಿ ಕೊಟ್ರ ಎದ್ದು ಹೋಗಂಗಿಲ್ಲ."